ಗೇಣುದ್ದ ಮಳೆ

ನನ್ನ ನಕ್ಷೆಯಲ್ಲಿ ಆ ಮನೆ ಪೆನ್ಸಿಲ್ ಮೊನೆಯಷ್ಟೂ ಇಲ್ಲ. 1:50,000 ಪ್ರಮಾಣದ ನಕ್ಷೆ ಅದು. ಕಾಗದದ ಮೇಲಿನ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಮನೆ, ಕೊಟ್ಟಿಗೆ, ಬಾವಿ, ಅಂಗಳದ ತುಳಸಿಕಟ್ಟೆ, ಹಿತ್ತಿಲಿನ ಇಶಾಡ ಮಾವಿನ ಮರ, ಅದರ ಬೆನ್ನಿಗಿರುವ ಧರೆ (ಗುಡ್ಡ ಕಡಿದಲ್ಲಿ ಉಳಿದ ಮಣ್ಣಿನ ಗೋಡೆ), ಎಲ್ಲವೂ ಒಂದು ಕಿತ್ತಳೆ ಬಣ್ಣದ ಪಟ್ಟಿಯೊಳಗೆ ಅಡಗಿದ್ದವು. ಕಿತ್ತಳೆ ಎಂದರೆ ‘ಭೂಕುಸಿತಕ್ಕೆ ಮಧ್ಯಮ ಪ್ರಮಾಣದಲ್ಲಿ ಈಡಾಗಬಲ್ಲ ಪ್ರದೇಶ’. ನಾಲ್ಕು ವರ್ಷ ಇಂಥ ಪಟ್ಟಿಗಳನ್ನು ಎಳೆಯುವುದೇ ನನ್ನ ಕೆಲಸವಾಗಿತ್ತು. ಅವುಗಳೊಳಗೆ ರಾತ್ರಿ ಯಾರು ಮಲಗುತ್ತಾರೆ ಎಂದು ಯೋಚಿಸಿದ್ದು ಕಳೆದ ಮೇ ತಿಂಗಳಲ್ಲಿ, ಅಂಕೋಲಾ ತಾಲ್ಲೂಕಿನ ಆ ಊರಿಗೆ ಹೋದ ಮೇಲೆ.

ಹೋದದ್ದು ತರಬೇತಿಯೊಂದರ ಭಾಗವಾಗಿ. ಸಂಶೋಧಕರು ತಮ್ಮ ಕೆಲಸವನ್ನು ಜನರಿಗೆ ಹೇಳುವುದು ಹೇಗೆಂದು ಕಲಿಸುವ ಮೂರು ದಿನಗಳ ಶಿಬಿರ, ಕಾರವಾರದಲ್ಲಿ. ನಾವು ಹನ್ನೊಂದು ಮಂದಿ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬೇರುಗಳನ್ನು ಅಳೆಯುವವರು, ಬಂಗಡೆಯ ಹೊಟ್ಟೆ ಸೀಳಿ ಅದು ತಿಂದದ್ದನ್ನು ಪಟ್ಟಿ ಮಾಡುವವರು, ಮಂಗನ ಕಾಯಿಲೆ ಹರಡುವ ಉಣುಗುಗಳನ್ನು ಸಿದ್ದಾಪುರದ ಕಾಡಿನಲ್ಲಿ ಹಿಡಿಯುವವರು. ನಾನು ಗುಡ್ಡ ಜರಿಯುವುದನ್ನು ಓದುವವಳು. ಕಲಿಸಲು ಬಂದವರು ರೇಡಿಯೊದಲ್ಲಿ ಮೂರು ದಶಕ ರೈತರಿಗಾಗಿ ಕಾರ್ಯಕ್ರಮ ನಡೆಸಿ ನಿವೃತ್ತರಾದ ಹಿರಿಯರು. ನಮ್ಮ ಜಿಲ್ಲೆಯ ರೂಢಿಯಂತೆ ಎಲ್ಲರೂ ಅವರನ್ನು ಮಾಸ್ತರು ಎಂದೇ ಕರೆದೆವು.

ಮೊದಲ ದಿನ ಅವರು ಪ್ರೊಜೆಕ್ಟರಿಗೆ ಬಟ್ಟೆ ಮುಚ್ಚಿಸಿ, ಒಬ್ಬೊಬ್ಬರ ಕೈಗೂ ಒಂದು ಅಂಚೆ ಕಾರ್ಡು ಕೊಟ್ಟರು. ನಿಮ್ಮ ಮನೆಯ ಒಬ್ಬರಿಗೆ, ಹೆಸರು ಬರೆದು, ನಿಮ್ಮ ಕೆಲಸದ ಬಗ್ಗೆ ತಿಳಿಸಿ ಎಂದರು. ನಾನು ಶಿರಸಿಯ ಹತ್ತಿರ ತೋಟದ ಮನೆಯಲ್ಲಿರುವ ದೊಡ್ಡಮ್ಮನಿಗೆ ಬರೆದೆ. ಮಾಸ್ತರು ಕಾರ್ಡುಗಳನ್ನು ತಮ್ಮ ರೇಡಿಯೊ ಧ್ವನಿಯಲ್ಲಿ ಗಟ್ಟಿಯಾಗಿ ಓದುತ್ತ ಬಂದರು. ‘ಮಣ್ಣಿನ ರಂಧ್ರಗಳಲ್ಲಿನ ಜಲ ಒತ್ತಡದ ಏರಿಕೆ’ ಎಂಬ ನನ್ನ ಮಾತು ಆ ಧ್ವನಿಯಲ್ಲಿ ಹೊರಬಂದಾಗ, ಅದರ ಕೆಳಗೆ ದೊಡ್ಡಮ್ಮನ ಹೆಸರು ಇರುವುದು ನನಗೇ ಸರಿ ಕಾಣಲಿಲ್ಲ.

“ಇದು ತಲುಪಿದ ಮೇಲೆ ಅವರು ಏನು ಮಾಡುತ್ತಾರೆ?” ಎಂದು ಕೇಳಿದರು.

“ಏನೂ ಮಾಡುವುದಿಲ್ಲ, ಸರ್.”

“ಹಾಗಾದರೆ ಅಂಚೆಗೆ ಹಾಕಿದ್ದು ಯಾಕೆ?”

ಮಧ್ಯಾಹ್ನ ಒಂದಿಷ್ಟು ಇತಿಹಾಸ ಹೇಳಿದರು. 1985ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿಗೆ ಬೋಡ್ಮರ್ ಸಮಿತಿ ಕೊಟ್ಟ ವರದಿ, ಜನರೊಡನೆ ಮಾತನಾಡುವುದು ವಿಜ್ಞಾನಿಯ ಕರ್ತವ್ಯ ಎಂದಿತು. ಆಗಿನ ನಂಬಿಕೆ ಏನೆಂದರೆ ಜನರಿಗೆ ಮಾಹಿತಿಯ ಕೊರತೆ ಇದೆ, ತುಂಬಿದರೆ ಸಾಕು ಎಂಬುದು. ಆ ನಂಬಿಕೆ ಹೆಚ್ಚು ಕಾಲ ಉಳಿಯಲಿಲ್ಲ. ನಮ್ಮಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರಂಥವರು 1918ರಲ್ಲೇ ಕನ್ನಡದಲ್ಲಿ ವಿಜ್ಞಾನಕ್ಕೆಂದೇ ಮಾಸಪತ್ರಿಕೆ ಹೊರಡಿಸಿದ್ದರು. ಅದನ್ನು ಕೇಳಿ ನನಗೆ ಹೆಮ್ಮೆಯಾಯಿತು, ಹಿಂದೆಯೇ ಸಂಕಟವೂ ಆಯಿತು. ನೂರು ವರ್ಷಗಳ ನಂತರ ನನ್ನ ವರದಿಗಳಲ್ಲಿ ಒಂದಾದರೂ ಕನ್ನಡದಲ್ಲಿಲ್ಲ. ಯಾವ ಊರಿನ ಗುಡ್ಡದ ಬಗ್ಗೆ ಬರೆದಿದ್ದೇನೋ ಆ ಊರಿಗೆ ಅವು ಹೋಗಿಯೂ ಇಲ್ಲ.

ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಕುಳಿತಾಗ ಅವರು ಹೇಳಿದ ಪ್ರಕರಣ ಮಾತ್ರ ನನ್ನನ್ನು ಆ ರಾತ್ರಿ ಮಲಗಲು ಬಿಡಲಿಲ್ಲ. ಇಟಲಿಯ ಲಾಕ್ವಿಲಾ ಪಟ್ಟಣದಲ್ಲಿ 2009ರ ಆರಂಭದ ತಿಂಗಳುಗಳಲ್ಲಿ ನೆಲ ಮತ್ತೆ ಮತ್ತೆ ಸಣ್ಣಗೆ ನಡುಗುತ್ತಿತ್ತು. ನೆಲ ನಡುಗಿದರೆ ರಾತ್ರಿ ಮನೆ ಬಿಟ್ಟು ಬಯಲಲ್ಲೋ ಕಾರಿನಲ್ಲೋ ಕಳೆಯುವುದು ಅಲ್ಲಿ ಹಿರಿಯರಿಂದ ಬಂದ ರೂಢಿ. ಮಾರ್ಚ್ 31ರಂದು ತಜ್ಞರ ಸಮಿತಿ ಸೇರಿತು. ದೊಡ್ಡ ಕಂಪನ ಯಾವಾಗ ಬರುತ್ತದೆಂದು ಮೊದಲೇ ಹೇಳಲು ಯಾವ ವಿಜ್ಞಾನಿಗೂ ಆಗುವುದಿಲ್ಲ. ಆದರೆ ಅಧಿಕಾರಿಯೊಬ್ಬರ ಬಾಯಿಂದ ಜನರಿಗೆ ತಲುಪಿದ್ದು ಅಪಾಯವಿಲ್ಲ ಎಂಬ ಸಮಾಧಾನ. ಏಪ್ರಿಲ್ 6ರ ನಸುಕಿನಲ್ಲಿ ಭೂಮಿ ಕಂಪಿಸಿತು. 300ಕ್ಕೂ ಹೆಚ್ಚು ಜನ ಸತ್ತರು. ಆರು ವಿಜ್ಞಾನಿಗಳಿಗೂ ಆ ಅಧಿಕಾರಿಗೂ 2012ರಲ್ಲಿ ಜೈಲು ಶಿಕ್ಷೆಯ ತೀರ್ಪು ಬಂತು. 2014ರಲ್ಲಿ ಮೇಲಿನ ನ್ಯಾಯಾಲಯ ವಿಜ್ಞಾನಿಗಳನ್ನು ಖುಲಾಸೆ ಮಾಡಿತು. ತಪ್ಪು ಯಾರದೆಂಬ ವಾದವನ್ನು ಮಾಸ್ತರು ಬೆಳೆಸಲಿಲ್ಲ. ಮನೆಯವರನ್ನು ಕಳೆದುಕೊಂಡವರು ನ್ಯಾಯಾಲಯದಲ್ಲಿ ಹೇಳಿಕೊಂಡದ್ದನ್ನಷ್ಟೇ ಹೇಳಿದರು: ಆ ಸಮಾಧಾನದ ಮಾತು ಕಿವಿಗೆ ಬೀಳದಿದ್ದರೆ ಆ ರಾತ್ರಿ ಎಂದಿನಂತೆ ಹೊರಗೇ ಇರುತ್ತಿದ್ದರು.

ಮರುದಿನ ಒಬ್ಬೊಬ್ಬರನ್ನೂ ಒಂದೊಂದು ಕಡೆ ಮಾತನಾಡಲು ಕರೆದೊಯ್ದರು. ನನ್ನ ಪಾಲಿಗೆ ಬಂದದ್ದು ಆ ಊರಿನ ಶಾಲೆಯ ಜಗಲಿ. ಶಿರೂರಿನ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಗಿ, ಮಣ್ಣು ಗಂಗಾವಳಿಗೆ ಬಿದ್ದು, ಆಚೆ ದಡದ ಉಳುವರೆಯ ಮನೆಗಳಿಗೆ ನದಿಯೇ ನುಗ್ಗಿದ್ದು 2024ರ ಜುಲೈ 16ರಂದು. ಅಲ್ಲಿಂದ ದೂರವಲ್ಲದ ಈ ಊರಿನಲ್ಲಿ ಅದನ್ನು ಮರೆತವರು ಯಾರೂ ಇರಲಿಲ್ಲ. ಮೂವತ್ತು ಜನ ಸೇರಿದ್ದರು.

ನಾನು ಚಿರೆಕಲ್ಲಿನಿಂದ ಶುರುಮಾಡಿದೆ. ಮೇಲೆ ತೂತುತೂತಾದ ಚಿರೆಕಲ್ಲು, ಮಳೆನೀರು ಅದರಲ್ಲಿ ಸಲೀಸಾಗಿ ಇಳಿಯುತ್ತದೆ. ಕೆಳಗೆ ನುಣುಪಾದ ಜೇಡಿಯ ಪದರ, ಅಲ್ಲಿ ನೀರು ತಡೆದು ನಿಲ್ಲುತ್ತದೆ. ಆ ಪದರಕ್ಕೆ ನಮ್ಮ ಶಾಸ್ತ್ರದಲ್ಲಿ ಲಿಥೋಮಾರ್ಜ್ ಎನ್ನುತ್ತಾರೆ ಎಂದೆ. ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು ಪಕ್ಕದವರಲ್ಲಿ ಏನೋ ಕೇಳಿ, ಎದ್ದು ಹೋದರು. ಬೇಸರವಾಗಿರಬೇಕು ಎಂದುಕೊಂಡೆ. ಐದು ನಿಮಿಷದಲ್ಲಿ ಮರಳಿ ಬಂದು ನನ್ನ ಅಂಗೈಯಲ್ಲಿ ಒಂದು ಬಿಳಿಯ ಹೆಂಟೆ ಇಟ್ಟರು.

“ಇದೋ ನೀನು ಹೇಳುವುದು?”

ಶೇಡಿ. ದೀಪಾವಳಿಗೆ ಗೋಡೆಯ ಮೇಲೆ, ಹೊಸ್ತಿಲ ಮುಂದೆ ಚಿತ್ತಾರ ಬರೆಯುವ ಅದೇ ಶೇಡಿ ಮಣ್ಣು. ಗರಟೆಯಲ್ಲಿ ನೀರು ತರಿಸಿ ಅಜ್ಜಿ ಹೆಂಟೆಯನ್ನು ಅದ್ದಿ, ಎರಡು ಬೆರಳ ನಡುವೆ ಉಜ್ಜಿ ತೋರಿಸಿದರು. ಒಣಗಿದ್ದಾಗ ಉಗುರಿಗೂ ಜಗ್ಗದ ಮಣ್ಣು, ನೀರು ಕುಡಿದ ಕೂಡಲೇ ಬೆಣ್ಣೆಯಂತೆ ಜಾರಿತು. ಹಿಂದಿನಿಂದ ಬಾವಿ ತೋಡುವವರೊಬ್ಬರು ಮಾತು ಮುಂದುವರಿಸಿದರು: ಚಿರೆಕಲ್ಲು ಮುಗಿದು ಶೇಡಿ ಸಿಕ್ಕಿದ ಬಾವಿಯಲ್ಲಿ ಮಳೆಗಾಲಕ್ಕೆ ಮೊದಲು ಕಲ್ಲು ಕಟ್ಟದಿದ್ದರೆ ಸುತ್ತಲಿನ ಗೋಡೆಯೇ ಒಳಗೆ ಬರುತ್ತದೆ. ಗುಡ್ಡ ಜರಿಯುವ ಕ್ರಮವನ್ನು ವಿವರಿಸಲು ನನಗೆ ಮೂರು ಪುಟ ಬೇಕಾಗಿತ್ತು. ಅಲ್ಲಿ ಅದು ಒಂದು ಗರಟೆ ನೀರಿನಲ್ಲಿ ಮುಗಿಯಿತು.

ಅಷ್ಟಾದ ಮೇಲೆ ಅಜ್ಜಿ ಕೈ ತೊಳೆದುಕೊಂಡು ಕೇಳಿದರು. “ತಂಗೀ, ಶೇಡಿ ನಮ್ಮ ಧರೆಯಲ್ಲೂ ಇದೆ. ಈ ಮಳೆಗಾಲದಲ್ಲಿ ನಾನು ಮನೆಯಲ್ಲಿ ಮಲಗಬಹುದೋ, ಬೇಡವೋ? ಅಷ್ಟು ಹೇಳು.”

ನಾನು ಮಧ್ಯಮ ಪ್ರಮಾಣದ ಸಾಧ್ಯತೆ ಎಂದೆ. ಸ್ಥಳೀಯ ಅಂಶಗಳನ್ನು ಅವಲಂಬಿಸಿರುತ್ತದೆ ಎಂದೆ. ಹೆಚ್ಚಿನ ಅಧ್ಯಯನ ಆಗಬೇಕು ಎಂದೂ ಹೇಳಿದೆ. ಒಂದೂ ಸುಳ್ಳಲ್ಲ. ಅಜ್ಜಿ ತಲೆಯಾಡಿಸಿ, ನನ್ನ ಕೈಯಲ್ಲಿ ಎರಡು ಇಶಾಡ ಹಣ್ಣು ಇಟ್ಟು, “ಬಿಸಿಲಲ್ಲಿ ಬಂದಿದ್ದೀಯೆ, ತಿನ್ನು” ಎಂದು ಹೋದರು. ಆ ಹಣ್ಣನ್ನು ತೆಗೆದುಕೊಂಡಾಗ ಆದ ನಾಚಿಕೆ ಈಗಲೂ ನೆನಪಿದೆ.

ಜೀಪಿನಲ್ಲಿ ಮಾಸ್ತರು ಬಹಳ ಹೊತ್ತು ಸುಮ್ಮನಿದ್ದರು. ಹಾರವಾಡ ದಾಟಿದ ಮೇಲೆ, “ಅವರು ಕೇಳಿದ್ದು ಗುಡ್ಡದ ವಿಷಯ ಅಲ್ಲ, ನಿದ್ದೆಯ ವಿಷಯ. ಮಳೆಗಾಲಕ್ಕೆ ನೂರಿಪ್ಪತ್ತು ರಾತ್ರಿ. ಎಲ್ಲ ರಾತ್ರಿಯೂ ಒಂದೇ ತರಹವೋ?” ಎಂದರು.

ಒಂದೇ ತರಹ ಅಲ್ಲ. ಗುಡ್ಡ ಯಾವಾಗ ಜರಿಯುತ್ತದೆಂದು ಹೇಳಲಾರೆ, ಆದರೆ ಯಾವ ರಾತ್ರಿಗಳು ಉಳಿದ ರಾತ್ರಿಗಳಂತಲ್ಲ ಎಂದು ಹೇಳಬಲ್ಲೆ. ಅದು ಮಳೆಯ ಲೆಕ್ಕ. ಹವಾಮಾನ ಇಲಾಖೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಬಿದ್ದ ಮಳೆಯನ್ನು ಅಳೆಯುತ್ತದೆ. 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ಇವು ಟಿವಿಯಲ್ಲಿ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಾಗಿ ಓಡುತ್ತವೆ, ಅದೂ ಇಡೀ ಜಿಲ್ಲೆಗೆ ಒಂದೇ ಬಣ್ಣವಾಗಿ. ಕಾರವಾರದ ಕಡಲಿಗೂ ಶಿರಸಿಯ ತೋಟಕ್ಕೂ ಆ ಧರೆಗೂ ಸೇರಿ ಒಂದು ಬಣ್ಣ! ಅಜ್ಜಿಯ ಅಂಗಳದಲ್ಲಿ ಎಷ್ಟು ಬಿತ್ತು ಎಂಬುದು ಅಜ್ಜಿಯ ಅಂಗಳದಲ್ಲೇ ತಿಳಿಯಬೇಕು.

ಆ ರಾತ್ರಿ ಕೋಣೆಯಲ್ಲಿ ಅಳತೆಪಟ್ಟಿ ಹಿಡಿದು ಕುಳಿತೆ. 64.5 ಮಿಲಿಮೀಟರ್ ಎಷ್ಟುದ್ದವೆಂದು ಗೋಡೆಯ ಮೇಲೆ ಗೀಚಿ, ಪಕ್ಕದಲ್ಲಿ ಕೈ ಇಟ್ಟೆ. ಜೋಡಿಸಿದ ನಾಲ್ಕು ಬೆರಳಿನ ಅಗಲ, ಕೂದಲೆಳೆಯಷ್ಟು ಹೆಚ್ಚು ಕಡಿಮೆ. ಎದೆ ಹೊಡೆದುಕೊಳ್ಳತೊಡಗಿತು. 204.5ಕ್ಕೆ ಇನ್ನೊಂದು ಗೆರೆ ಎಳೆದು ಕೈ ಅಗಲಿಸಿದೆ. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಒಂದು ಗೇಣು. ಇಡೀ ದೇಶ ಕೆಂಪು ಬಣ್ಣದಲ್ಲಿ ಹೇಳುವ ಮಳೆ ಒಂದು ಗೇಣು ಮಳೆ. ಇಷ್ಟು ವರ್ಷ ನನ್ನ ಕೈಯಲ್ಲೇ ಇದ್ದ ಅಳತೆ.

ಮೂರನೆಯ ದಿನ ಬೀಳ್ಕೊಡುಗೆಯ ಕಾರ್ಯಕ್ರಮ ಬಿಟ್ಟು ಮಾಸ್ತರೊಡನೆ ಮತ್ತೆ ಅಲ್ಲಿಗೆ ಹೋದೆ. ಕಾರವಾರದ ಪೇಟೆಯಲ್ಲಿ ನೇರ ಗೋಡೆಯ ಎತ್ತರದ ಸ್ಟೀಲ್ ಡಬ್ಬಿಯೊಂದನ್ನು ಕೊಂಡಿದ್ದೆ. ಜಗಲಿಯಲ್ಲಿ ಈ ಬಾರಿ ಹನ್ನೆರಡೇ ಜನ. ಬಕೆಟ್ಟಿನಂತೆ ಮೇಲೆ ಅಗಲವಾಗುವ ಪಾತ್ರೆ ಆಗುವುದಿಲ್ಲ, ಅದು ಹೆಚ್ಚು ತೋರಿಸುತ್ತದೆ ಎಂದೆ. “ದೊಡ್ಡ ಡಬ್ಬಿ ಇಟ್ಟರೆ ಹೆಚ್ಚು ತುಂಬುವುದಿಲ್ಲವೇ?” ಎಂದು ಹುಡುಗನೊಬ್ಬ ಕೇಳಿದ. ಬಾಯಿ ದೊಡ್ಡದಾದರೆ ಬೀಳುವ ನೀರೂ ಹೆಚ್ಚು, ಹರಡುವ ಜಾಗವೂ ಅಷ್ಟೇ ಹೆಚ್ಚು, ಎತ್ತರ ಮಾತ್ರ ಒಂದೇ ಎಂದು ಎರಡು ಡಬ್ಬಿ ಇಟ್ಟು ತೋರಿಸಬೇಕಾಯಿತು. ಮಾವಿನ ಮರದ ಅಡಿ ಬೇಡ, ಸೂರಿನ ನೀರು ಸಿಡಿಯಬಾರದು. ಒಂದು ಗುಂಟೆ ಜಾಗಕ್ಕೆ 100 ಮಿಲಿಮೀಟರ್ ಮಳೆ ಎಂದರೆ ಸುಮಾರು 10,000 ಲೀಟರ್, ಹತ್ತು ಟನ್ ನೀರು. ಅಷ್ಟು ಭಾರ ಗುಡ್ಡದ ತಲೆಯ ಮೇಲೆ ಗುಂಟೆ ಗುಂಟೆಗೂ ಬೀಳುತ್ತದೆ ಎಂದಾಗ ಚಿರೆಕಲ್ಲು ಸಾಗಿಸುವ ಲಾರಿ ಚಾಲಕರೊಬ್ಬರು ತಟ್ಟನೆ ತಲೆಯೆತ್ತಿದರು.

ನಂತರ ಮುಖ್ಯ ಮಾತಿಗೆ ಬಂದೆ. ನಾಲ್ಕು ಬೆರಳು ತುಂಬಿದ ದಿನ ರಾತ್ರಿ ಬೇರೆ ಕಡೆ ಮಲಗಿ ಎಂದೆ.

ಅಜ್ಜಿ ಒಪ್ಪಲಿಲ್ಲ. “ಆಷಾಢದಲ್ಲಿ ನಾಲ್ಕು ಬೆರಳು ಮತ್ತೆ ಮತ್ತೆ ಬರುತ್ತದೆ, ತಂಗೀ. ಎರಡು ಸಲ ಹೋದೇನು. ಮೂರನೆಯ ಸಲ ಮಗಳ ಅತ್ತೆ ಏನೆಂದಾರು? ನಾಲ್ಕನೆಯ ಸಲ ನಾನೇ ಹೋಗುವುದಿಲ್ಲ.”

ಸುಳ್ಳು ಎಚ್ಚರಿಕೆ ಜನರ ನಂಬಿಕೆಯನ್ನು ತಿನ್ನುತ್ತದೆ ಎಂದು ಓದಿದ್ದೆ. ಮಗಳ ಅತ್ತೆಯ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ. ಒಂದು ಗಂಟೆ ಕೂತು ಬೇರೆ ಕಟ್ಟಳೆ ಮಾಡಿಕೊಂಡೆವು. ನಾಲ್ಕು ಬೆರಳು ಎಂದರೆ ಎಚ್ಚರ: ಧರೆಯ ಮೇಲೆ ಹೊಸ ಬಿರುಕು ಬಿಟ್ಟಿದೆಯೇ, ಮರ ವಾಲಿದೆಯೇ, ನಿನ್ನೆ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಹಿಡಿಯುತ್ತಿದೆಯೇ, ಒರತೆಯ ನೀರು ಕದಡಿ ಬರುತ್ತಿದೆಯೇ ನೋಡುವುದು. ಇವುಗಳಲ್ಲಿ ಒಂದು ಕಂಡರೂ ಆ ಗಳಿಗೆಯಲ್ಲೇ ಮನೆ ಬಿಡುವುದು. ಏನೂ ಕಾಣದಿದ್ದರೂ ಸತತ ಎರಡು ದಿನ ನಾಲ್ಕು ಬೆರಳು ದಾಟಿದರೆ, ಅಥವಾ ಒಂದೇ ದಿನ ಗೇಣಿನ ಅರ್ಧ ದಾಟಿದರೆ, ಸಂಜೆಯ ಒಳಗೆ ಮಗಳ ಮನೆಗೆ. ಇದು ಗುಡ್ಡ ಜರಿಯುವ ಅಳತೆಯಲ್ಲ, ನಾವು ಜಾಗ ಬಿಡುವ ಅಳತೆ ಎಂದು ಎರಡು ಸಲ ಹೇಳಿದೆ. ಈ ಅಳತೆಗೆ ಮೊದಲೇ ಗುಡ್ಡ ಜರಿಯಲೂಬಹುದು, ಆಗ ನಾನು ಹೇಳಿದ್ದು ಸಾಲದೆಂದಾಗುತ್ತದೆ ಎಂದೂ ಹೇಳಿದೆ. ಅದನ್ನು ಹೇಳುವಾಗ ಗಂಟಲು ಕಟ್ಟಿತು. ಅಜ್ಜಿ, “ಅದು ಗೊತ್ತು. ಗುಡ್ಡ ನಿನ್ನ ಮಾತು ಕೇಳುತ್ತದೆಯೇ?” ಎಂದು ಡಬ್ಬಿಯನ್ನು ಸೆರಗಿನಲ್ಲಿ ಒರೆಸಿಕೊಂಡರು.

ಜೂನ್ ತಿಂಗಳೆಲ್ಲ ಅಜ್ಜಿಯ ಮೊಮ್ಮಗ ಫೋಟೊ ಕಳಿಸುತ್ತಿದ್ದ. ಡಬ್ಬಿ, ಅದರ ಪಕ್ಕ ಅಜ್ಜಿಯ ಕೈ, ಬಳೆ ಸರಿಸಿದ ಮಣಿಕಟ್ಟು. ಎರಡು ಬೆರಳು. ಮೂರು. ಒಂದೂವರೆ. ನಾನು ಅವನ್ನು ಟಿಪ್ಪಣಿ ಪುಸ್ತಕದಲ್ಲಿ ಬೆರಳಿನ ಲೆಕ್ಕದಲ್ಲೇ ಬರೆದಿಟ್ಟೆ. ಜುಲೈ ನಡುವೆ ಎರಡು ದಿನ ಬಿಡದೆ ಸುರಿಯಿತು, ಫೋಟೊ ಬರಲಿಲ್ಲ, ಕರೆಂಟೂ ಇರಲಿಲ್ಲವಂತೆ. ನಾನು ಆ ರಾತ್ರಿ ಕಿಟಕಿಯ ಪಕ್ಕದಲ್ಲೇ ಕುಳಿತಿದ್ದೆ.

ಬೆಳಿಗ್ಗೆ ಏಳಕ್ಕೆ ಫೋನು ಬಂತು. “ತಂಗೀ, ಮೊನ್ನೆ ಐದು ಬೆರಳು, ನಿನ್ನೆ ಐದೂವರೆ. ಮಗಳ ಮನೆಯಲ್ಲಿ ಮಲಗಿದ್ದೆ. ಆಕಳ ಕಣ್ಣಿ ಬಿಚ್ಚಿ ಬಂದಿದ್ದೆ, ಅದು ಎಲ್ಲಿದೆಯೋ. ಮೊಮ್ಮಗ ರಸ್ತೆಯಿಂದ ನೋಡಿ ಬಂದ, ಗುಡ್ಡ ಇದ್ದಲ್ಲೇ ಇದೆ.”

“ಇವತ್ತೂ ಅಲ್ಲೇ ಇರಿ ಅಜ್ಜಿ. ಮಳೆ ನಿಂತ ಕೂಡಲೇ ಗುಡ್ಡದೊಳಗಿನ ನೀರು ಇಳಿದುಹೋಗುವುದಿಲ್ಲ.”

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಯಾರಿಗೋ ಚಹಾ ಕೊಡುವ ಸದ್ದು, ಒಂದು ಮಗುವಿನ ಅಳು.

“ಒರತೆ ನೀರು ತಿಳಿಯಾದ ಮೇಲೆ ಹೋಗಬಹುದೋ?”

“ತಿಳಿಯಾಗಿ, ಮತ್ತೆ ಎರಡು ದಿನ ಬಿಟ್ಟು.”

“ಹಾಗಾದರೆ ಶುಕ್ರವಾರ” ಎಂದರು ಅಜ್ಜಿ.