ಕಾಲುಂಗುರದ ಅಳತೆ ಕೊಡೋಕೆ ಬಂದವ್ರು

ಮೊನ್ನೆ ಒಬ್ಬ ಫ್ರೆಂಡು, ಅವ್ನೂ ನಮ್ ಥರಾನೇ ಸಣ್ಣ ಚಿನ್ನ ಬೆಳ್ಳಿ ಅಂಗಡಿಯವ್ನು, ಫೋನ್ ಮಾಡಿ "ರಕ್ತದಾನ ಶಿಬಿರಕ್ಕೆ ಸ್ಪಾನ್ಸರ್ ಕೇಳ್ತಿದಾರೆ ಮಾರಾಯ, 25 ಸಾವ್ರ ಕೊಟ್ರೆ ಸ್ಟೇಜ್ ಹಿಂದೆ ದೊಡ್ಡ ಬ್ಯಾನರ್ ಅಂತೆ, ಕೊಡ್ಲಾ?" ಅಂದ. ನಾನು ಕೊಡು ಅಂತಾನೂ ಅನ್ಲಿಲ್ಲ, ಬೇಡ ಅಂತಾನೂ ಅನ್ಲಿಲ್ಲ, ನನ್ ಕಥೆ ಶುರು ಮಾಡ್ದೆ. ಅರ್ಧ ಗಂಟೆ ಆಯ್ತು. ಅಷ್ಟು ಮಾತಾಡಿದ್ಮೇಲೆ ಬರೆದಿಟ್ರೆ ಇನ್ನೊಬ್ರಿಗೂ ಆಗುತ್ತೆ ಅನ್ನಿಸ್ತು.

ನಮ್ದು ಶಿವಮೊಗ್ಗ ಗಾಂಧಿ ಬಜಾರ್ ಕಡೆ ಅಂಗಡಿ. ತಾತ ಶುರು ಮಾಡಿದ್ದು, ಈಗ ಗಲ್ಲಾದಲ್ಲಿ ಅಪ್ಪ, ಕೌಂಟರಲ್ಲಿ ನಾನು, ಹಿಂದ್ಗಡೆ ಒಡವೆ ಮಾಡೋ ಆಚಾರ್ರು ಒಬ್ರು. ಊರಿಗೆ ದೊಡ್ಡ ಶೋರೂಮ್‌ಗಳು ಬಂದ್ಮೇಲೆ ನಮ್ಮಂಥವ್ರ ಪಾಡು ಎಲ್ರಿಗೂ ಗೊತ್ತಿರೋದೇ, ಅಲ್ಲಿ ಒಳಗೆ ಕಾಲಿಟ್ರೆ ಎಸಿ, ಜ್ಯೂಸು, ಹೊರಗೆ ಹೀರೋಯಿನ್ ಫೋಟೋ. ಅವ್ರ ಜಾಹೀರಾತಿನ ದುಡ್ಡಲ್ಲಿ ನಮ್ಮಂಥ ಹತ್ತು ಅಂಗಡಿ ಇಡಬಹುದು. ಸಮಾಜಸೇವೇಲೂ ಅಷ್ಟೆ. 1993ರಲ್ಲಿ ಕೋಳಿಕ್ಕೋಡ್‌ನಲ್ಲಿ ಶುರುವಾದ ಮಲಬಾರ್ ಗೋಲ್ಡ್‌ನವ್ರು ಲಾಭದಲ್ಲಿ 5 ಪರ್ಸೆಂಟ್ ಅದಕ್ಕೇ ಅಂತ ಎತ್ತಿಡ್ತೀವಿ ಅಂತಾರೆ. ನಮ್ ಲಾಭದಲ್ಲಿ 5 ಪರ್ಸೆಂಟ್ ಅಂದ್ರೆ ಒಂದು ಪೆಂಡಾಲ್ ಬಾಡಿಗೆ ಆಗ್ಬಹುದು ಅಷ್ಟೆ, ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ಬೇಕು.

2022ರಲ್ಲಿ ನಾನು ಹೊಸ ಹುರುಪಿನಲ್ಲಿ ಒಂದು ಚಾರಿಟಿ ಓಟಕ್ಕೆ 50 ಸಾವ್ರ ಕೊಟ್ಟೆ. ಬೆಂಗ್ಳೂರಲ್ಲಿ 2008ರಿಂದ ವರ್ಲ್ಡ್ 10ಕೆ ಓಟ ನಡೀತಿದೆಯಲ್ಲ, ಅಲ್ಲಿ ಓಡೋರು ಒಳ್ಳೇ ಕೆಲ್ಸಕ್ಕೆ ದುಡ್ಡು ಎತ್ತಿಕೊಡ್ತಾರೆ, ಸ್ಪಾನ್ಸರ್ ಹೆಸ್ರೂ ಊರೆಲ್ಲಾ ಗೊತ್ತಾಗುತ್ತೆ, ಅದನ್ನ ನೋಡಿ ನಮ್ಮೂರಲ್ಲೂ ಹಂಗೇ ಆಗುತ್ತೆ ಅಂದ್ಕೊಂಡಿದ್ದೆ. ಟೀ ಶರ್ಟಿನ ಬೆನ್ನ ಮೇಲೆ 11 ಲೋಗೋ, ನಮ್ದು ಪೈಪ್ ಅಂಗಡಿಗೂ ಕೋಚಿಂಗ್ ಸೆಂಟರಿಗೂ ಮಧ್ಯ. ಬೆಳಗ್ಗೆ ಆರು ಗಂಟೆಗೆ ಓಡೋಕೆ ಬಂದವ್ರು ಯಾರು, ಕಾಲೇಜ್ ಹುಡುಗ್ರು, ಜಿಮ್ಮಿನವ್ರು. ಅವ್ರಲ್ಲಿ ಯಾರು ಮನೇಲಿ ಕೂತು ಕಾಸಿನ ಸರ ಎಷ್ಟು ಗ್ರಾಮಿಗೆ ಮಾಡ್ಸೋದು ಅಂತ ತೀರ್ಮಾನ ಮಾಡ್ತಾರೆ ಹೇಳಿ. ಅದನ್ನ ಮಾಡೋದು ಅಮ್ಮ, ಅಜ್ಜಿ, ಅತ್ತಿಗೆ, ಸೋದರತ್ತೆ, ಅವ್ರೆಲ್ಲಾ ಆ ಹೊತ್ತಲ್ಲಿ ಹಾಲು ಕಾಯಿಸ್ತಿರ್ತಾರೆ. ಒಂದು ವರ್ಷ ಕಾದೆ, ಟೀ ಶರ್ಟ್ ನೋಡಿ ಬಂದೆ ಅಂತ ಒಬ್ರೂ ಹೇಳ್ಲಿಲ್ಲ. ನನ್ ಪಾಲಿನ ಟೀ ಶರ್ಟ್ ಈಗ ನಮ್ಮನೇಲಿ ನೆಲ ಒರೆಸೋ ಬಟ್ಟೆ.

ಅದಾದ್ಮೇಲೆ ಇನ್ನೊಂದು ತಪ್ಪು ಮಾಡ್ದೆ, ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ. ಒಂದು ರಕ್ತದಾನ ಶಿಬಿರಕ್ಕೆ ಹಣ್ಣು, ಬಿಸ್ಕೆಟ್, ಜ್ಯೂಸು ನಮ್ದು. ಅಲ್ಲಿ ಹೆಸ್ರು ನಂಬರ್ ಬರ್ಕೊಳ್ಳೋ ಪಟ್ಟಿ ಇತ್ತು, ಅದ್ರ ಫೋಟೋ ಹೊಡ್ಕೊಂಡು ಬಂದು ಅಕ್ಷಯ ತೃತೀಯಕ್ಕೆ ಎಲ್ರಿಗೂ ವಾಟ್ಸಾಪಲ್ಲಿ ಆಫರ್ ಕಳಿಸ್ದೆ, ಮೇಕಿಂಗ್ ಚಾರ್ಜಲ್ಲಿ ಇಷ್ಟು ಕಡಿಮೆ ಅಂತ. ಸಂಜೆ ಅಪ್ಪಂಗೆ ಫೋನ್ ಬಂತು, ಮೂವತ್ತು ವರ್ಷದ ಹಳೇ ಗಿರಾಕಿ, ಅವ್ರ ಮಗ ರಕ್ತ ಕೊಟ್ಟಿದ್ನಂತೆ. "ಏನ್ರೀ, ನನ್ ಮಗ ರಕ್ತ ಕೊಟ್ಟಿದ್ದು ಆಸ್ಪತ್ರೆಗೋ ನಿಮ್ಮ ಅಂಗಡಿಗೋ?" ಅಂದ್ರಂತೆ. ಅಪ್ಪ ಫೋನಿಟ್ಟು ನನ್ ಮುಖ ನೋಡಿದ್ರು ಅಷ್ಟೆ, ಬೈಲಿಲ್ಲ, ಬೈದಿದ್ರೇ ವಾಸಿ ಇತ್ತು. ಆ ನಂಬರ್ ಎಲ್ಲಾ ಅವತ್ತೇ ಡಿಲೀಟ್ ಮಾಡ್ದೆ.

2023ರಲ್ಲಿ ಒಂದು ಮಠದವ್ರು ಸಾಮೂಹಿಕ ಮದುವೆ ಇದೆ, ತಾಳಿ ಕೊಡಿ ಅಂತ ಬಂದ್ರು. ಸಾಮೂಹಿಕ ಮದುವೆ ನಮ್ ಕಡೆ ಹೊಸದೇನಲ್ಲ, ಧರ್ಮಸ್ಥಳದಲ್ಲಿ 1972ರಿಂದ ನಡ್ಕೊಂಡು ಬಂದಿದೆ. 21 ಜೋಡಿ. ಅಪ್ಪ ಪೆನ್ ತಗೊಂಡ್ರು, ಒಂದು ತಾಳಿ ನಾಲ್ಕು ಗ್ರಾಂ ಅಂದ್ರೂ ಆಗಿನ ರೇಟಲ್ಲಿ ನಾಲ್ಕು ಲಕ್ಷ ದಾಟುತ್ತೆ. ಪೆನ್ ಇಟ್ಬಿಟ್ರು. ಮಠದವ್ರು ಮಜ್ಜಿಗೆ ಕುಡಿದು ಹೊರಡೋಕೆ ಎದ್ರು, ಆಗ ಒಳಗಿಂದ ಅಮ್ಮ "ಕಾಲುಂಗುರ ಕೊಡಿ, ಅದ್ಯಾರೂ ಕೊಡಲ್ಲ" ಅಂದ್ರು.

ನಿಜ ನೋಡಿ, ತಾಳಿಗೆ ಯಾರೋ ದೊಡ್ಡೋರು ಸಿಗ್ತಾರೆ, ಸೀರೆ ಪಂಚೆಗೆ ಸಿಗ್ತಾರೆ, ಊಟಕ್ಕಂತೂ ಜಗಳ ಆಡ್ಕೊಂಡು ಕೊಡ್ತಾರೆ. ಕಾಲುಂಗುರ ಮಾತ್ರ ಯಾರ ನೆನಪಿಗೂ ಬರಲ್ಲ, ಹುಡುಗಿ ಮನೆಯವ್ರೇ ಕೊನೇ ದಿನ ಓಡಾಡಿ ತರ್ತಾರೆ. ಸೊಂಟದ ಕೆಳಗೆ ಚಿನ್ನ ಹಾಕ್ಬಾರ್ದು ಅನ್ನೋ ಪದ್ಧತಿ ಇರೋದ್ರಿಂದ ಬೆಳ್ಳೀನೇ ಆಗ್ಬೇಕು, ಅದು ನಮ್ ಜೇಬಿಗೂ ಒಳ್ಳೇದು. ಜೊತೆ ಹತ್ತು ಗ್ರಾಂ ಅಂತ ಇಟ್ಕೊಂಡ್ವಿ, ಮಜೂರಿ ಸೇರಿ ಒಂದು ಜೊತೆ ಒಂಬೈನೂರು ರೂಪಾಯಿ ಹತ್ರ ಬಿತ್ತು. 21 ಜೊತೆಗೆ 19 ಸಾವ್ರ, ಟೀ ಶರ್ಟಿನ ಅರ್ಧಾನೂ ಅಲ್ಲ.

ಆದ್ರೆ ಲೆಕ್ಕದಲ್ಲಿ ಇಲ್ದೇ ಇರೋದು ಒಂದು ಆಯ್ತು. ನಾನು ಬಾಯಿ ಬಿಟ್ಟಿರೋ ರೆಡಿಮೇಡ್ ಉಂಗುರ ತಂದ್ಬಿಡೋಣ, ಎಲ್ರಿಗೂ ಆಗುತ್ತೆ ಅಂದೆ, ಆಚಾರ್ರು ಒಪ್ಲೇ ಇಲ್ಲ. ಅದು ಸೀರೆಗೆ ಸಿಕ್ಕಿ ದಾರ ಎಳೆಯುತ್ತೆ, ಮದುವೆ ಹೆಣ್ಣಿಗೆ ಅಂಥದ್ದಾ ಕೊಡೋದು, ಅಳತೆ ತಗೊಂಡು ಮುಚ್ಚಿದ ಉಂಗುರಾನೇ ಮಾಡ್ತೀನಿ ಅಂತ ಹಠ. ಅಳತೆ ಬೇಕಂದ್ರೆ ಹುಡುಗಿ ಬರ್ಬೇಕಲ್ಲ. ಮಠದವ್ರು ಹೇಳಿ ಕಳಿಸಿದ್ರು, ಎರಡು ಭಾನುವಾರ ನಮ್ ಅಂಗಡಿ ತುಂಬಾ ಜನ! ಒಬ್ಳು ಹುಡುಗಿ ಅಂದ್ರೆ ಜೊತೇಲಿ ಅವಳಮ್ಮ, ಚಿಕ್ಕಮ್ಮ, ಅಕ್ಕ, ಅಕ್ಕನ ಮಗು. ಭದ್ರಾವತಿ, ಶಿಕಾರಿಪುರ, ಹೊಳೆಹೊನ್ನೂರು ಕಡೆಯಿಂದ ಬಸ್ಸಲ್ಲಿ ಬಂದವ್ರು. ಅಮ್ಮ ಎಲ್ರಿಗೂ ಕಾಫಿ ಕೊಟ್ರು, ಆಚಾರ್ರು ಕೆಳಗೆ ಕೂತು ದಾರದಲ್ಲಿ ಒಬ್ಬೊಬ್ರ ಬೆರಳಿನ ಅಳತೆ ತಗೊಂಡ್ರು. ನಾನು ಏನೂ ಮಾರ್ಲಿಲ್ಲ, ಮಾರ್ಬೇಡ ಅಂತ ಅಪ್ಪ ಮೊದ್ಲೇ ಹೇಳಿದ್ರು. ಒಬ್ರು ಅಜ್ಜಿ ಕಿವಿಯಿಂದ ಓಲೆ ತೆಗೆದು "ಇದು ಚಿನ್ನಾನಾ ನೋಡಪ್ಪ, ಬೇರೆ ಕಡೆ ಕೇಳೋಕೆ ಭಯ" ಅಂದ್ರು. ನೋಡ್ಕೊಟ್ಟೆ. ಹಾಲ್‌ಮಾರ್ಕ್ ಇರೋದು ತಂದವ್ರಿಗೆ ಸರ್ಕಾರದ ಬಿಐಎಸ್ ಕೇರ್ ಆಪ್‌ನಲ್ಲಿ ಒಡವೆ ಮೇಲಿರೋ ಎಚ್‌ಯುಐಡಿ ಅನ್ನೋ ಆರು ಅಕ್ಷರ-ಅಂಕಿಯ ನಂಬರ್ ಹಾಕಿ ಹೆಂಗೆ ಚೆಕ್ ಮಾಡೋದು ಅಂತ ತೋರಿಸ್ದೆ. 2023 ಏಪ್ರಿಲ್ 1ರಿಂದ ಆ ನಂಬರ್ ಇಲ್ದೆ ಹಾಲ್‌ಮಾರ್ಕ್ ಚಿನ್ನದ ಒಡವೆ ಮಾರೋ ಹಂಗಿಲ್ಲ ಅಂತ ಆಗಷ್ಟೇ ಬಂದಿತ್ತು, ಹಂಗಾಗಿ ಎಲ್ರಿಗೂ ಅದ್ರ ಬಗ್ಗೆ ಅನುಮಾನ.

ಮದುವೆ ದಿನ ನಮ್ ಬ್ಯಾನರ್ ಇರ್ಲಿಲ್ಲ. ಪುರೋಹಿತ್ರು ಮೈಕಲ್ಲಿ ಒಂದ್ಸಲ ಹೆಸ್ರು ಹೇಳಿದ್ರು, ಅದೂ ತಪ್ಪಾಗಿ.

ಎಂಟು ತಿಂಗಳು ಏನೂ ಇಲ್ಲ. ಮಾರ್ಕೆಟಿಂಗ್ ಬಗ್ಗೆ ಮಾತಾಡೋರಿಗೆ ಈ ಎಂಟು ತಿಂಗಳು ಅರ್ಥ ಆಗಲ್ಲ, ಚಿನ್ನ ಬೆಳ್ಳಿ ಸೋಪಲ್ಲ ಸ್ವಾಮಿ, ಮನೇಲಿ ಕಾರ್ಯ ಬಂದಾಗ್ಲೇ ಗಿರಾಕಿ ಬರೋದು. ಆಮೇಲೆ ಶುರುವಾಯ್ತು, ಮಗೂಗೆ ಬೆಳ್ಳಿ ಉಡ್ದಾರ, ಕಾಲ್ಗಡಗ, ಕಿವಿ ಚುಚ್ಚೋಕೆ ರಿಂಗು. ಬಿಲ್ ಬುಕ್ಕಲ್ಲಿ ಪೆನ್ಸಿಲಲ್ಲಿ ಗುರ್ತು ಹಾಕ್ತಾ ಬಂದೆ, ಎರಡು ವರ್ಷದಲ್ಲಿ 21ರಲ್ಲಿ 8 ಮನೆಯವ್ರು ಬಂದಿದಾರೆ, ಮೂರು ಮನೆಯವ್ರು ಒಡವೆಗೆ ಅಂತ ನಮ್ಮಲ್ಲಿ 11 ತಿಂಗಳ ಚೀಟಿ ಕಟ್ತಿದಾರೆ, ಒಬ್ಳು ಹುಡುಗಿಯ ಚಿಕ್ಕಮ್ಮ ತನ್ನ ಮಗಳ ಮದುವೆಗೆ ಪೂರ್ತಿ ಒಡವೆ ನಮ್ಮಲ್ಲೇ ಮಾಡ್ಸಿದ್ರು. ಆ ಒಂದು ಬಿಲ್ಲು ಸಾಕಿತ್ತು.

ಲೆಕ್ಕದ ವಿಷ್ಯಕ್ಕೆ ನಮ್ ಆಡಿಟರ್ ಹೇಳಿದ್ದು ಇಷ್ಟು: ಬ್ಯಾನರಿಗೆ ಅಂತ ಕೊಟ್ರೆ ಅದು ಜಾಹೀರಾತು ಖರ್ಚು, ತೆರಿಗೆ ರಿಯಾಯಿತಿಗೆ ಅಂತ 80ಜಿ ರಸೀದಿ ತಗೊಂಡ್ರೆ ದಾನ, ಒಂದೇ ದುಡ್ಡನ್ನ ಎರಡೂ ಕಡೆ ತೋರಿಸೋಕೆ ಹೋಗ್ಬೇಡಿ, ದಾನ ಅಂದ್ರೆ 2,000 ರೂಪಾಯಿ ಮೇಲೆ ಕ್ಯಾಶ್ ಕೊಟ್ರೆ 80ಜಿ ಸಿಗಲ್ಲ. ದೊಡ್ಡ ಕಂಪನಿಗಳಿಗೂ ಇದೇ ಗೆರೆ ಇದೆಯಂತೆ, ಸಿಎಸ್‌ಆರ್ ಅಂತ ಲಾಭದಲ್ಲಿ 2 ಪರ್ಸೆಂಟ್ ಸಮಾಜಸೇವೆಗೆ ಖರ್ಚು ಮಾಡ್ಬೇಕಲ್ಲ, ತಮ್ಮ ಮಾಲಿನ ಪ್ರಚಾರಕ್ಕೆ ಅಂತ ಮಾಡಿದ ಸ್ಪಾನ್ಸರ್‌ಶಿಪ್ಪನ್ನ ಅದ್ರಲ್ಲಿ ಸೇರಿಸೋ ಹಂಗಿಲ್ಲ ಅಂತ 2021ರ ನಿಯಮದಲ್ಲೇ ಬರೆದಿದಾರೆ. ಸರ್ಕಾರಕ್ಕೂ ವ್ಯತ್ಯಾಸ ಗೊತ್ತು ಅಂತಾಯ್ತು.

ಫ್ರೆಂಡಿಗೆ ಕೊನೇಲಿ ಹೇಳಿದ್ದು, 25 ಸಾವ್ರ ಬ್ಯಾನರಿಗೆ ಬೇಡ, ಹತ್ತು ಸಾವ್ರದಲ್ಲಿ ರಕ್ತ ಕೊಟ್ಟೋರಿಗೆ ಒಳ್ಳೇ ತಿಂಡಿ ಕೊಡ್ಸು, ನೀನೇ ನಿಂತು ಬಡ್ಸು, ಅಲ್ಲಿರೋ ಪಟ್ಟಿ ಕಡೆ ಮಾತ್ರ ತಿರುಗಿ ನೋಡ್ಬೇಡ. ಅವ್ನು "ಬ್ಯಾನರ್ ಇಲ್ದೆ ನಮ್ಮಪ್ಪ ದುಡ್ಡು ಬಿಚ್ಚಲ್ಲ" ಅಂದ.

ನಮ್ದೂ ಈಗ ಒಂದು ಸಮಸ್ಯೆ ಬಂದಿದೆ. ಮಠದವ್ರ ಈ ಸಲದ ಪಟ್ಟೀಲಿ 27 ಜೋಡಿ, ಬೆಳ್ಳಿ ಕೆಜಿಗೆ ಲಕ್ಷ ದಾಟಿ ಎಲ್ಲಿಗೋ ಹೋಗಿದೆ. ಜೊತೆಗೆ ಏಳು ಗ್ರಾಂ ಮಾಡೋಣ್ವಾ ಅಂತ ಅಪ್ಪನ್ನ ಕೇಳ್ದೆ. ಅಪ್ಪ ಆಚಾರ್ರ ಕಡೆ ನೋಡಿದ್ರು, ಆಚಾರ್ರು ತಲೆ ಎತ್ಲಿಲ್ಲ. ಮುಂದಿನ ಭಾನುವಾರದಿಂದ ಅಳತೆ ಶುರು.