ಬಿದ್ದ ಗುಡಿಯ ಗಂಟೆ

ಡಿಸೆಂಬರ್ 8ರಂದು ಅಮಲೋದ್ಭವ ಮಾತೆ ಮರಿಯಮ್ಮನ ಹಬ್ಬಕ್ಕೆಂದು ವಾಸ್ಕೋದಿಂದ ಪಣಜಿಗೆ ಹೋಗಿದ್ದೆವು. ಬಿಳಿಯ ದೇವಾಲಯದ ಮೆಟ್ಟಿಲು ಹತ್ತುತ್ತಿರುವಾಗ ಗಂಟೆ ಮೊಳಗಿತು. ಆ ನಾದ ಕಿವಿಗಿಂತ ಮೊದಲು ಎದೆಗೆ ತಾಗಿ, ಕೈಯಲ್ಲಿದ್ದ ಮೇಣದಬತ್ತಿಯೂ ನಡುಗಿದಂತಾಯಿತು. ಗುರುಗಳ ಪ್ರಬೋಧನೆ ಅರ್ಧವೂ ನೆನಪಿಲ್ಲ. ಗಂಟೆ ಮಾತ್ರ ಇನ್ನೂ ಒಳಗೆ ಮೊಳಗುತ್ತಿದೆ.

ಅದು ಹಳೆಗೋವೆಯ ಸಂತ ಅಗಸ್ಟೀನರ ದೇವಾಲಯದ ಗಂಟೆ. 1835ರಲ್ಲಿ ಸನ್ಯಾಸಿಗಳು ಆ ಮಠವನ್ನು ಬಿಡಬೇಕಾಯಿತು, 1842ರಲ್ಲಿ ಕಮಾನು ಚಾವಣಿ ಕುಸಿಯಿತು, 1931ರಲ್ಲಿ ಮುಂಭಾಗವೂ ಅರ್ಧ ಗೋಪುರವೂ ಉರುಳಿದವು. ಗಂಟೆ ಅದಕ್ಕೂ ಮೊದಲೇ, 1871ರಲ್ಲಿ, ಪಣಜಿಗೆ ಬಂದಿತ್ತು. ಜಂಬಿಟ್ಟಿಗೆಯ ಆ ಮೋಟು ಗೋಪುರವನ್ನು ಬಾಲ್ಯದಲ್ಲಿ ಅಜ್ಜಿಯೊಡನೆ ನೋಡಿದಾಗ, ಧರ್ಮಸಭೆ, ಅಂದರೆ ಚರ್ಚ್, ಬಿದ್ದುಹೋಗಿದೆ ಎಂದು ನಾನು ಹೇಳಿದ್ದಕ್ಕೆ ಆಕೆ ಗದರಿದ್ದಳು: “ಬಿದ್ದದ್ದು ಗುಡಿ. ಧರ್ಮಸಭೆ ಅಂದ್ರ ನೀನು, ನಿನ್ನ ಬಾಜೂಕ ಕೆಮ್ಮಾಕತ್ತಾನಲ್ಲ, ಆ ಮುದುಕ.”

ಅಕ್ಷರ ಬಾರದ ಅಜ್ಜಿಗೆ ಗ್ರೀಕ್ ಎಲ್ಲಿಂದ ಬರಬೇಕು? ಆದರೂ ಧರ್ಮಸಭೆಗೆ ಬೈಬಲಿನ ಗ್ರೀಕ್ ಮೂಲದಲ್ಲಿರುವ ‘ಎಕ್ಲೇಸಿಯಾ’ ಎಂಬ ಪದಕ್ಕೆ ಕರೆದು ಕೂಡಿಸಿದ ಜನ ಎಂದೇ ಅರ್ಥ. ಪ್ರಿಸ್ಕಿಲ್ಲಾ ಮತ್ತು ಅಕ್ವಿಲ ದಂಪತಿಯ ಮನೆಯಲ್ಲಿ ಕೂಡುತ್ತಿದ್ದ ವಿಶ್ವಾಸಿಗಳನ್ನೂ ಸಂತ ಪೌಲರು ಸಭೆಯೆಂದೇ ಕರೆದರು. ಕರೆಯುವವರು ಕ್ರಿಸ್ತರಾದ್ದರಿಂದ, ಪಕ್ಕದಲ್ಲಿ ಯಾರು ಕೂರಬೇಕೆಂದು ಆರಿಸುವ ಅಧಿಕಾರ ನಮಗಿಲ್ಲ. ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುವ ಅನೇಕರು ಒಂದೇ ದೇಹವೆಂದು ಕೊರಿಂಥದವರಿಗೆ ಬರೆದ ಪೌಲರು, ಬಡವರು ಹಸಿದಿರುವಾಗ ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದುದನ್ನು ಅದೇ ಪತ್ರದಲ್ಲಿ ಕಟುವಾಗಿ ಖಂಡಿಸಿದರು.

ನಮ್ಮ ಓಣಿಯಲ್ಲಿ ಅಕ್ಟೋಬರ್ ತಿಂಗಳಿಡೀ ಮನೆಮನೆಗೆ ಸುತ್ತಿ ಕನ್ನಡದಲ್ಲಿ ಜಪಸರ ಹೇಳುವ ರೂಢಿಯಿತ್ತು. ಹಾಸಿಗೆ ಹಿಡಿದವರ ಮನೆಗೆ ಮೊದಲ ಸರದಿ. ಈಗ ಹಬ್ಬದ ದೀಪಾಲಂಕಾರದ ಮುಂದೆ ಫೋಟೊ ತೆಗೆಸಿಕೊಳ್ಳಲು ಇರುವ ಪುರಸೊತ್ತು ಆ ಮನೆಗಳಿಗೆ ಹೋಗಲು ಯಾರಿಗೂ ಇಲ್ಲ. ಹೀಗೆ ದೂರುತ್ತಿರುವ ನಾನೂ ಎರಡು ವರ್ಷಗಳಿಂದ ಹೋಗಿಲ್ಲ.

ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. ಆದರೆ ಇಹದಲ್ಲಿ ಯಾತ್ರೆಯಲ್ಲಿರುವವರು, ಅಗಲಿ ಶುದ್ಧಿ ಹೊಂದುತ್ತಿರುವವರು, ಸ್ವರ್ಗ ಸೇರಿದವರು ಎಲ್ಲರೂ ಸೇರಿ ಒಂದೇ ಧರ್ಮಸಭೆ ಎಂಬುದು ನಮ್ಮ ವಿಶ್ವಾಸ. ಆ ಲೆಕ್ಕದಲ್ಲಿ ಅಂದು ಆಕೆಯೂ ಅಲ್ಲಿದ್ದಳು. ಪರಮಪ್ರಸಾದ ಸ್ವೀಕರಿಸಿ ಬಂದು ಕುಳಿತಾಗ ಪಕ್ಕದ ಹೆಂಗಸು ಕೆಮ್ಮತೊಡಗಿದರು. ನಾನು ನೀರಿನ ಬಾಟಲಿ ಕೊಟ್ಟೆ. ಅವರು ಕೊಂಕಣಿಯಲ್ಲಿ ಏನೋ ಹೇಳಿದರು, ನಾನು ಕನ್ನಡದಲ್ಲಿ ‘ಇರಲಿ ಬಿಡಿ’ ಎಂದೆ.