ಎರಡನೇ ರಸೀದಿಯಲ್ಲೂ ಹತ್ತೇ ಸಾವಿರ: ನಮ್ಮ ಮನವಿ ಎಲ್ಲಿಯವರೆಗೆ ಬಂತು

ತುಮಕೂರಿಗೂ ಚಿತ್ರದುರ್ಗಕ್ಕೂ ನಡುವೆ, ಹೆದ್ದಾರಿ 48ರ ಪಕ್ಕದ ಊರು ನಮ್ಮದು. ಕೋರ್ಟ್ ಎದುರು ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಡೈರಿಗೆ ಹಾಲು ಹಾಕಿ ಬರುತ್ತಿದ್ದ ನನ್ನ ತಮ್ಮನಿಗೆ ಕುಡಿದವನೊಬ್ಬ ಕಾರು ಗುದ್ದಿಸಿದ. ತಮ್ಮ ಉಳಿಯಲಿಲ್ಲ. ಕುಡಿದು ಗಾಡಿ ಓಡಿಸಿ ಮತ್ತೆ ಮತ್ತೆ ಸಿಕ್ಕಿಬೀಳುವವರಿಗೆ ಕಾನೂನು ಬಿಗಿಯಾಗಬೇಕು ಅಂತ ಆಮೇಲೆ ಓಡಾಡಲು ಶುರುಮಾಡಿದೆ. ಎಂಟು ತಿಂಗಳಲ್ಲಿ ಏನೇನಾಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಫೆಬ್ರವರಿ

ಮೊದಲ ಮನವಿಯನ್ನು ಒಂದೇ ರಾತ್ರಿಯಲ್ಲಿ ಟೈಪ್ ಮಾಡಿದ್ದೆ. ಎರಡನೇ ಸಲ ಸಿಕ್ಕಿಬಿದ್ದರೆ ಹತ್ತು ವರ್ಷ ಜೈಲು, ಜಾಮೀನಿಲ್ಲ, ಗಾಡಿ ಹರಾಜು. ದಿನಾ ಅಂಗಡಿಗೆ ಬರುವ ಹಿರಿಯ ವಕೀಲರು ಓದಿ, ಕನ್ನಡಕ ತೆಗೆದು ಕೇಳಿದರು: “ಈಗಿರೋ ಕಾಯ್ದೇಲಿ ಎರಡನೇ ಸಲಕ್ಕೆ ಏನೈತೆ ಅಂತ ನೋಡಿದೀಯೇನಮ್ಮ?” ನೋಡಿರಲಿಲ್ಲ.

ಒಂದು ವಾರ ಅದನ್ನೇ ಓದಿದೆ. ಮೋಟಾರು ವಾಹನ ಕಾಯ್ದೆ 1988ರ 185ನೇ ಕಲಂ. 100 ಮಿಲಿಲೀಟರ್ ರಕ್ತದಲ್ಲಿ ಮದ್ಯ 30 ಮಿಲಿಗ್ರಾಂ ಮೀರಿದರೆ ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಎರಡನೇ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 15,000 ಅಥವಾ ಎರಡೂ. 2019ರ ತಿದ್ದುಪಡಿಗೆ ಮುಂಚೆ ಈ ದಂಡಗಳು 2,000 ಮತ್ತು 3,000 ದಾಟುತ್ತಿರಲಿಲ್ಲ, ಮೂರು ವರ್ಷದೊಳಗೆ ಮತ್ತೆ ಸಿಕ್ಕಿದರೆ ಮಾತ್ರ ಎರಡನೇ ಸಲ ಅನ್ನಿಸಿಕೊಳ್ಳುತ್ತಿತ್ತು. ಆ ಮೂರು ವರ್ಷದ ಮಾತನ್ನೂ ತಿದ್ದುಪಡಿಯಲ್ಲಿ ತೆಗೆದರು. ಲೈಸೆನ್ಸ್ ವಿಷಯ ಇನ್ನೂ ಗಟ್ಟಿ. ಶಿಕ್ಷೆಯಾದವನನ್ನು ಗಾಡಿ ಓಡಿಸದಂತೆ ಕೋರ್ಟು ಕನಿಷ್ಠ 6 ತಿಂಗಳು ಅನರ್ಹಗೊಳಿಸಬೇಕು. ಪೊಲೀಸರು ಲೈಸೆನ್ಸ್ ವಶಕ್ಕೆ ಪಡೆದು ಆರ್‌ಟಿಒಗೆ ಕಳಿಸಿದರೆ ಅಲ್ಲಿ ಮೊದಲ ಸಲಕ್ಕೆ 3 ತಿಂಗಳು ಅಮಾನತು, ಎರಡನೇ ಸಲಕ್ಕೆ ಲೈಸೆನ್ಸೇ ರದ್ದು ಮಾಡಬಹುದು.

ಕಾಯ್ದೆ ನಾನು ತಿಳಿದಷ್ಟು ಬಡಕಲಾಗಿರಲಿಲ್ಲ. ಹಾಗಿದ್ದರೆ, ಹಿಂದೆಯೂ ಕುಡಿದು ಸಿಕ್ಕಿಬಿದ್ದಿದ್ದ, ನನ್ನ ತಮ್ಮನ ಮೇಲೆ ಕಾರು ಹರಿಸಿದವನ ಕೈಯಲ್ಲಿ ಲೈಸೆನ್ಸ್ ಹೇಗೆ ಉಳಿದಿತ್ತು?

ಮಾರ್ಚ್, ಏಪ್ರಿಲ್

ಇದನ್ನು ಬರೆಯುವುದು ಕಷ್ಟ. ಆ ಮನುಷ್ಯ ಹಿಂದೊಮ್ಮೆ ನನ್ನ ಅಂಗಡಿಗೇ ಬಂದಿದ್ದ. ಡಿಡಿ ಕೇಸಿನಲ್ಲಿ, ಅಂದರೆ ಕುಡಿದು ಗಾಡಿ ಓಡಿಸಿದ ಕೇಸಿನಲ್ಲಿ, ದಂಡ ಕಟ್ಟಿದ ರಸೀದಿ ಜೆರಾಕ್ಸ್ ಮಾಡಿಸಿಕೊಂಡು, ಸ್ಟೇಷನ್ನಿಗೆ ಹೋಗಿ ಗಾಡಿ ಬಿಡಿಸಿಕೊಂಡು ಹೋದ. ನನಗೆ ಮುಖ ನೆನಪಿದೆ. ಎರಡು ರೂಪಾಯಿ ಕೊಟ್ಟಿದ್ದ.

185ನೇ ಕಲಮಿನ ಕೇಸನ್ನು ರಸ್ತೆಯಲ್ಲಿ ದಂಡ ಕಟ್ಟಿ ಮುಗಿಸಿಕೊಳ್ಳಲು ಬರುವುದಿಲ್ಲ, ಅದು ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿಲ್ಲ. ಕೋರ್ಟಿಗೇ ಹೋಗಬೇಕು. ಹಾಗಾಗಿ ಪ್ರತಿ ಕೇಸೂ ಎಲ್ಲೋ ಒಂದು ಕೋರ್ಟಿನ ರಿಜಿಸ್ಟರಿನಲ್ಲಿ ಇದ್ದೇ ಇರುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಲು ಕೂತೆ. ಅಲ್ಲಿ ಲೈಸೆನ್ಸ್ ನಂಬರ್ ಹಾಕಿ ಹುಡುಕುವ ದಾರಿಯಿಲ್ಲ. ಕೋರ್ಟ್ ಆರಿಸಬೇಕು, ವರ್ಷ ಕೊಡಬೇಕು, ಹೆಸರು ಹಾಕಬೇಕು. ಹೆಸರಿನಲ್ಲೇ ಎಷ್ಟು ಬಗೆ! ಇಂಗ್ಲಿಷಿನಲ್ಲಿ ಮಂಜುನಾಥ ಅಂತ ಬರೆಯುವಾಗ ಒಬ್ಬರು ಕೊನೆಗೆ ಎ ಸೇರಿಸುತ್ತಾರೆ, ಒಬ್ಬರು ಬಿಡುತ್ತಾರೆ, ಇನಿಶಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಅಂಗಡಿ ಮುಚ್ಚಿದ ಮೇಲೆ ಹನ್ನೊಂದು ರಾತ್ರಿ ಹುಡುಕಿದೆ.

ಪಕ್ಕದ ಜಿಲ್ಲೆಯ ಕೋರ್ಟಿನಲ್ಲಿ ಅವನದೇ ಇನ್ನೊಂದು ಕೇಸು ಸಿಕ್ಕಿತು. ವಕೀಲರು ಎರಡಕ್ಕೂ ಸರ್ಟಿಫೈಡ್ ಕಾಪಿ ತೆಗೆಸಿಕೊಟ್ಟರು. ಒಂದೂವರೆ ವರ್ಷದ ಅಂತರ, ಅದೇ ಲೈಸೆನ್ಸ್ ನಂಬರ್. ಎರಡರಲ್ಲೂ ತಪ್ಪೊಪ್ಪಿಗೆ. ದಂಡ ಅಲ್ಲೂ 10,000, ಇಲ್ಲೂ 10,000. ಅನರ್ಹತೆಯ ಆದೇಶ ಎರಡರಲ್ಲೂ ಇಲ್ಲ.

ಎರಡನೇ ಕಾಪಿಯಲ್ಲಿ 15,000 ಇರಬೇಕಿತ್ತು. ಅದು ಎರಡನೇ ಸಲ ಅನ್ನುವುದು ಆ ಕೋರ್ಟಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಶಿಕ್ಷೆ ಲೆಕ್ಕಕ್ಕೆ ಬರಬೇಕಾದರೆ ಪೊಲೀಸರು ಅದನ್ನು ಚಾರ್ಜ್‌ಶೀಟಿನಲ್ಲಿ ಕಾಣಿಸಬೇಕು, ದಾಖಲೆ ಇಟ್ಟು ಸಾಬೀತು ಮಾಡಬೇಕು. ಕಾಣಿಸದಿದ್ದರೆ ಐದನೇ ಸಲ ಸಿಕ್ಕವನೂ ಮೊದಲನೇ ಸಲದವನೇ. ತಮ್ಮನ ಕೇಸಿನಲ್ಲಂತೂ ಕುಡಿತವೇ ಲೆಕ್ಕಕ್ಕೆ ಬರಲಿಲ್ಲ. ರಕ್ತದ ಮಾದರಿ ತಡವಾಗಿ ತೆಗೆದರು, ಕುಡಿತದ ಮಾತು ಬಿದ್ದುಹೋಯಿತು, ಬರೀ ‘ಅತಿವೇಗ ಮತ್ತು ಅಜಾಗರೂಕತೆ’ ಉಳಿಯಿತು. ಅದು ಹಳೇ ಐಪಿಸಿಯ ಕಾಲ. 304ಎ ಕಲಮಿನಲ್ಲಿ ಹೆಚ್ಚೆಂದರೆ 2 ವರ್ಷ. ಐಪಿಸಿಯ ಬದಲಿಗೆ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 5 ವರ್ಷವಾಗಿದೆ, ನಮಗೆ ದಕ್ಕಲಿಲ್ಲ.

ಮೇ, ಜೂನ್

ಆರ್‌ಟಿಒ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಕೇಳಿದ್ದು ಇಷ್ಟೇ: ಮೂರು ವರ್ಷದಲ್ಲಿ 185ನೇ ಕಲಮಿನಡಿ ಎಷ್ಟು ಲೈಸೆನ್ಸ್ ಅಮಾನತಾಗಿವೆ, ಎರಡನೇ ಸಲ ಅಂತ ಎಷ್ಟು ರದ್ದಾಗಿವೆ. ಮೂವತ್ತನೇ ದಿನಕ್ಕೆ ಉತ್ತರ ಬಂತು. ‘ಸದರಿ ಮಾಹಿತಿಯನ್ನು ಈ ಕಚೇರಿಯಲ್ಲಿ ಪ್ರತ್ಯೇಕವಾಗಿ ನಿರ್ವಹಿಸಿರುವುದಿಲ್ಲ.’ ಮೇಲ್ಮನವಿ ಹಾಕಿದ್ದೇನೆ. ಆದರೆ ಆ ಒಂದು ಸಾಲು ನನಗೆ ಬೇಕಾದ ಸಾಕ್ಷಿಯೂ ಹೌದು, ಮನವಿಯ ಜೊತೆ ಲಗತ್ತಿಸಿದೆ.

ಹತ್ತು ವರ್ಷ ಜೈಲು ಅಂತ ಬರೆದ ಹಾಳೆ ಪಕ್ಕಕ್ಕಿಟ್ಟು ಹೊಸದಾಗಿ ಟೈಪ್ ಮಾಡಿದೆ. ಕಾನೂನಿನ ಕನ್ನಡವನ್ನು ಇಪ್ಪತ್ತು ವರ್ಷದಿಂದ ಟೈಪ್ ಮಾಡುತ್ತಿದ್ದೇನೆ. ‘ಮಾಡಬಹುದು’ ಅಂದರೆ ಮಾಡದೆ ಬಿಡಲೂಬಹುದು, ‘ಮಾಡತಕ್ಕದ್ದು’ ಅಂದರೆ ಬಿಡುವ ಹಾಗಿಲ್ಲ. ಆರ್‌ಟಿಒ ಲೈಸೆನ್ಸ್ ರದ್ದು ಮಾಡುವ ಕಡೆ ಕಾಯ್ದೆಯಲ್ಲಿ ಇರುವುದು ‘ಬಹುದು’. ಅದು ‘ತಕ್ಕದ್ದು’ ಆಗಬೇಕು, ಅದಕ್ಕೊಂದು ಗಡುವೂ ಬೇಕು. ಎರಡನೇ ಸಲದ ಶಿಕ್ಷೆಯಲ್ಲಿ ‘ಜೈಲು ಅಥವಾ ದಂಡ’ ಎನ್ನುವಲ್ಲಿಯ ‘ಅಥವಾ’ ಹೋಗಬೇಕು, ಕೆಲವೇ ದಿನವಾದರೂ ಜೈಲು ತಪ್ಪಬಾರದು. ಎಲ್ಲಕ್ಕಿಂತ ಮೊದಲು, ಹಿಂದಿನ ಕೇಸು ಇದೆಯೋ ಇಲ್ಲವೋ ಎಂದು ಲೈಸೆನ್ಸ್ ನಂಬರಿನಿಂದ ಪರಿಶೀಲಿಸಿ ಚಾರ್ಜ್‌ಶೀಟಿನಲ್ಲಿ ನಮೂದಿಸತಕ್ಕದ್ದು. ಮೋಟಾರು ವಾಹನ ಸಮವರ್ತಿ ಪಟ್ಟಿಯ ವಿಷಯ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದದ್ದು, ರಾಷ್ಟ್ರಪತಿಗಳ ಅಂಕಿತ ಸಿಕ್ಕರೆ ರಾಜ್ಯವೂ ತಿದ್ದುಪಡಿ ತರಬಹುದು. ಅದಕ್ಕೇ ಮನವಿ ವಿಧಾನಸಭೆಯ ಅರ್ಜಿಗಳ ಸಮಿತಿಗೆ.

ದಣಿವಾದಾಗ ಹರ್ಮನ್ ಸಿಧು ಅವರನ್ನು ನೆನೆಯುತ್ತೇನೆ. ಅಪಘಾತದಿಂದ ಗಾಲಿಕುರ್ಚಿ ಹಿಡಿದ ಚಂಡೀಗಢದ ಆ ಮನುಷ್ಯ, ತಮಿಳುನಾಡಿನ ಕೆ. ಬಾಲು, ಇಬ್ಬರೂ ಬೇರೆ ಬೇರೆ ಹೈಕೋರ್ಟಿನಲ್ಲಿ ಹಿಡಿದ ಹಟ 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ತೀರ್ಪಾಯಿತು: ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು. ಆಮೇಲೆ 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ 220 ಮೀಟರ್ ಅಂತ ಸಡಿಲಿಸಿದರು, ನಗರಗಳಿಗೆ ವಿನಾಯಿತಿ ಸಿಕ್ಕಿತು. ಆದರೂ ಇಬ್ಬರು ಸಾಮಾನ್ಯರು ದೇಶದ ಹೆದ್ದಾರಿಗಳನ್ನೆಲ್ಲ ಮುಟ್ಟಿದರಲ್ಲ.

ಜುಲೈ

ಸಹಿ ಮಾಡಲು ಬಂದ ಹೆಣ್ಣುಮಗಳೊಬ್ಬಳು ಪೆನ್ನು ಹಿಡಿದು ನಿಂತುಬಿಟ್ಟಳು. “ಅಕ್ಕಾ, ನಮ್ಮನೆಯವ್ರೂ ಎರಡು ಸಲ ಸಿಕ್ಕೌರೆ. ಟೆಂಪೋ ಓಡ್ಸೋದು. ಜೈಲಿಗೆ ಹಾಕಿದ್ರೆ ನಾವೇನ್ ತಿನ್ನೋದು?” ನನ್ನ ಹತ್ತಿರ ಉತ್ತರವಿರಲಿಲ್ಲ. ಕೂರಿಸಿ ಟೀ ಕೊಟ್ಟೆ. ತಮ್ಮನ ಹೆಂಡತಿ ಈಗ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಅವಳಿಗೂ ಇದೇ ಪ್ರಶ್ನೆ ಇತ್ತು, ಅದನ್ನೂ ಹೇಳಿದೆ. ಇಬ್ಬರೂ ಸುಮಾರು ಹೊತ್ತು ಮಾತಾಡದೆ ಕೂತಿದ್ದೆವು.

ಅವಳು ಹೋದ ಮೇಲೆ ಒಂದು ಸಾಲು ಸೇರಿಸಿದೆ. ಎರಡನೇ ಸಲ ಸಿಕ್ಕವನಿಗೆ ಲೈಸೆನ್ಸ್ ಮರಳಿ ಸಿಗಬೇಕಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮದ್ಯವ್ಯಸನದ ಚಿಕಿತ್ಸೆ ಪೂರೈಸಿದ ಪ್ರಮಾಣಪತ್ರ ತರತಕ್ಕದ್ದು, ಆ ಚಿಕಿತ್ಸೆ ಉಚಿತವಾಗಿರತಕ್ಕದ್ದು. ಮರುವಾರ ಅವಳೇ ಬಂದು ಆ ಸಾಲನ್ನು ಓದಿಸಿಕೊಂಡು ಸಹಿ ಹಾಕಿದಳು.

ಆಗಸ್ಟ್, ಸೆಪ್ಟೆಂಬರ್

412 ಸಹಿ ಆಗಿದೆ. ಶಾಸಕರನ್ನು ಎರಡು ಸಲ ಕಂಡು ಬಂದೆ, ಅರ್ಜಿಯನ್ನು ಸದನದಲ್ಲಿ ಮಂಡಿಸುವ ಮಾತು ಕೊಟ್ಟಿದ್ದಾರೆ, ದಿನಾಂಕ ಹೇಳಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೂ ಒಂದು ಪ್ರತಿ ಕೊಟ್ಟಾಯಿತು. ಸ್ವೀಕೃತಿಯ ಮೊಹರು ಬಿದ್ದಿದೆ.

ಮುಖ್ಯವಾದ ಸುದ್ದಿ ಬೇರೆ ಇದೆ. ಕೋರ್ಟ್ ಡ್ಯೂಟಿಯ ಪೇದೆಯೊಬ್ಬರು ಡಿಡಿ ಕೇಸಿನ ನಮೂನೆಯನ್ನು ನನ್ನ ಅಂಗಡಿಯಲ್ಲೇ ಪ್ರಿಂಟ್ ಹಾಕಿಸುತ್ತಾರೆ. ಎರಡೂ ಸರ್ಟಿಫೈಡ್ ಕಾಪಿ ಅವರ ಮುಂದಿಟ್ಟಿದ್ದೆ. ಏನೂ ಹೇಳದೆ ಓದಿ ಹೋಗಿದ್ದರು. ಮೊನ್ನೆ ಅವರ ಎಸ್‌ಐ ಜೊತೆ ಬಂದರು. “ಮೇಡಂ, ಇದರಲ್ಲಿ ಲೈಸೆನ್ಸ್ ನಂಬರಿನ ಕೆಳಗೆ ಒಂದು ಕಾಲಂ ಹಾಕ್ಕೊಡಿ” ಅಂದರು ಎಸ್‌ಐ. “ಹಿಂದಿನ ಪ್ರಕರಣ: ಇದೆ, ಇಲ್ಲ. ಇದ್ದರೆ ಕೋರ್ಟು, ಸಿಸಿ ನಂಬರ್.” ಸಿಸಿ ನಂಬರ್ ಅಂದರೆ ಕೋರ್ಟಿನಲ್ಲಿ ಕೇಸಿಗೆ ಕೊಡುವ ನಂಬರ್. ಅಲ್ಲೇ ಕೂತು ಹಾಕಿಕೊಟ್ಟೆ. ಕೈ ನಡುಗಿ ‘ಪ್ರಕರಣ’ವನ್ನು ಎರಡು ಸಲ ತಪ್ಪು ಟೈಪ್ ಮಾಡಿದೆ.

ಇದು ಒಂದು ಸ್ಟೇಷನ್ನಿನ ಮಾತು ಮಾತ್ರ, ಎಸ್‌ಐ ವರ್ಗವಾದರೆ ನಿಂತುಹೋಗಲೂಬಹುದು. ಅದಕ್ಕೇ ತಿದ್ದುಪಡಿ ಬೇಕು ಅನ್ನುವುದು. ಸೋಮವಾರಕ್ಕೆ ಹೊಸ ನಮೂನೆಯ ಇನ್ನೂರು ಪ್ರತಿ ಬೇಕಂತೆ. ಟೋನರ್ ತರಿಸಬೇಕು.